ಕಾಡಿನ ಹಾಜರಿ ಪುಸ್ತಕ

(ಹಿಂದಿನ ಸಂಚಿಕೆಯಲ್ಲಿ ಮಾತಿಗೆ ಮಾತು ಬಂದು, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ತನ್ನದೇ ಒಂದು ಕಾಡಿದೆ ಅಂತ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಇಷ್ಟು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಅಡಿಕೆಗೆ ಕೊಳೆರೋಗ ಬಂದ ಬಗ್ಗೆ ಕೇಳಿದವರು ಮುಂದಿನ ಸಲದವರೆಗೆ ಕಾಯಬೇಕು, ಬೇಜಾರು ಮಾಡಿಕೊಳ್ಳಬೇಡಿ.)

ಪ್ರಶ್ನೆ: ಮೇಷ್ಟ್ರೇ, ವಿಶ್ವವಿದ್ಯಾಲಯಕ್ಕೆ ಸ್ವಂತ ಕಾಡು ಯಾಕೆ? ಲ್ಯಾಬ್ ಇದೆ, ಲೈಬ್ರರಿ ಇದೆ. ಕಾಡೇ ಬೇಕಾದರೆ ನಮ್ಮ ಸುತ್ತ ಅರಣ್ಯ ಇಲಾಖೆಯದ್ದು ಬೇಕಾದಷ್ಟು ಇದೆಯಲ್ಲ? ನಮ್ಮಲ್ಲೂ ಅಂಥದ್ದು ಯಾವುದಾದರೂ ಇದೆಯೇ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಸಾಗರ

ಮಗಳೇ, ನಾನು 30 ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವನು. ಮೊದಲ ಎರಡು ವರ್ಷ ಕಾಡನ್ನೆಲ್ಲ ಬೋರ್ಡಿನ ಮೇಲೇ ಬರೆದು ಡಸ್ಟರಿನಲ್ಲಿ ಅಳಿಸಿದೆ. ಹಾಗಾಗಿ ನಿನ್ನ ಪ್ರಶ್ನೆ ನನ್ನದೂ ಆಗಿತ್ತು.

ಸ್ಟ್ಯಾನ್‌ಫರ್ಡಿನವರ ಕಾಡಿನ ಹೆಸರು ಜಾಸ್ಪರ್ ರಿಡ್ಜ್. ಕ್ಯಾಲಿಫೋರ್ನಿಯಾದಲ್ಲಿದೆ, ಸುಮಾರು 1,200 ಎಕರೆ. 1973ರಲ್ಲಿ ಅದನ್ನು ಪಾಠಕ್ಕೆ ಮತ್ತು ಸಂಶೋಧನೆಗೆ ಅಂತಲೇ ಮೀಸಲಿಟ್ಟರು. ಅದಕ್ಕೆ ಮೊದಲೇ ಅಲ್ಲಿ ಕೆಲಸ ನಡೆಯುತ್ತಿತ್ತು. ಪಾಲ್ ಎರ್ಲಿಕ್ ಎಂಬ ವಿಜ್ಞಾನಿ 1960ರ ಸುಮಾರಿಗೆ ಅಲ್ಲಿ ಚೆಕರ್‌ಸ್ಪಾಟ್ ಎನ್ನುವ ಚಿಟ್ಟೆಯನ್ನು ಎಣಿಸಲು ಶುರು ಮಾಡಿದರು. ಎಣಿಸುವುದು ಅಂದರೆ ಬೆರಳು ಮಡಚಿ ಎಣಿಸುವುದಲ್ಲ. ಬಲೆಯಲ್ಲಿ ಹಿಡಿದು, ರೆಕ್ಕೆಗೆ ಶಾಯಿಯಲ್ಲಿ ಗುರುತು ಹಾಕಿ ಬಿಡುವುದು. ಮತ್ತೊಮ್ಮೆ ಹೋಗಿ ಹಿಡಿದಾಗ ಗುರುತಿದ್ದವು ಎಷ್ಟು, ಇಲ್ಲದವು ಎಷ್ಟು, ಯಾವುದು ಎಲ್ಲಿಂದ ಎಲ್ಲಿಗೆ ಹಾರಿದೆ ಅಂತ ಬರೆದುಕೊಳ್ಳುವುದು. ಒಂದೇ ಗುಡ್ಡದಲ್ಲಿರುವ ಚಿಟ್ಟೆ, ಎಲ್ಲಾ ಒಂದೇ ಸಂಸಾರ ಅಂತಲೇ ಯಾರಾದರೂ ಅಂದುಕೊಳ್ಳುತ್ತಾರೆ. ಎಣಿಸಿ ನೋಡಿದರೆ ಮೂರು ಬೇರೆ ಬೇರೆ ಗುಂಪು. ಕೂಗಳತೆ ದೂರದಲ್ಲಿದ್ದರೂ ಒಂದು ಗುಂಪಿನವು ಇನ್ನೊಂದು ಗುಂಪಿನ ಕಡೆ ಹಾರಿ ಹೋಗುವುದು ಬಹಳ ಕಡಿಮೆ. ಥೇಟ್ ನಮ್ಮೂರಿನ ಮೂರು ಕೇರಿಗಳು.

ಆಮೇಲೆ ಆ ಗುಂಪುಗಳು ಒಂದೊಂದಾಗಿ ಸೊರಗಿದವು. 1998ರ ಹೊತ್ತಿಗೆ ಆ ಚಿಟ್ಟೆ ಆ ಗುಡ್ಡದಲ್ಲಿ ಪೂರ್ತಿ ಇಲ್ಲವಾಯಿತು. ಅದರ ಮರಿಹುಳಕ್ಕೆ ಆಹಾರವಾದ ಪುಟ್ಟ ಗಿಡ ಬೇಸಿಗೆಗೆ ಒಣಗಿ ಹೋಗುತ್ತದೆ. ಒಣಗುವುದರೊಳಗೆ ಹುಳ ಬಲಿಯಬೇಕು. ಮಳೆ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ ಅಂತ ಏರುಪೇರು ಜಾಸ್ತಿಯಾದ ಹಾಗೆ ಹುಳಕ್ಕೂ ಗಿಡಕ್ಕೂ ಲೆಕ್ಕ ತಪ್ಪಿತು.

ಕಾದಿಟ್ಟ ಕಾಡಿನಲ್ಲೂ ಚಿಟ್ಟೆ ಉಳಿಯಲಿಲ್ಲವಲ್ಲ, ಏನು ಬಂತು ಅನ್ನಬೇಡ. ನಾನು ಹುಡುಗನಾಗಿದ್ದಾಗ ನಮ್ಮ ಮನೆ ಹಿಂದಿನ ಬ್ಯಾಣದಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಒಂದು ಹಳದಿ ಚಿಟ್ಟೆ ರಾಶಿ ರಾಶಿ ಬರುತ್ತಿತ್ತು. ಈಗಿಲ್ಲ. ಯಾವ ವರ್ಷದಿಂದ ಇಲ್ಲ ಅಂತ ನಮ್ಮಣ್ಣನನ್ನು ಕೇಳಿದರೆ, "ಕರೆಂಟು ಬಂದ ಮೇಲಿರಬೇಕು ಮಾರಾಯ" ಅನ್ನುತ್ತಾನೆ. ನಮ್ಮ ಹತ್ತಿರ ಇರುವ ದಾಖಲೆ ಅಷ್ಟೇ. ಜಾಸ್ಪರ್ ರಿಡ್ಜಿನವರ ಹತ್ತಿರ ವರ್ಷ ವರ್ಷದ ಲೆಕ್ಕ ಇದೆ.

ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೂ ವೈಥಮ್ ಎನ್ನುವ ಕಾಡಿದೆ. ಅಲ್ಲಿನ ಒಂದು ಕುಟುಂಬ 1942ರಲ್ಲಿ ಕೊಟ್ಟದ್ದು. 1947ರಿಂದ ಅಲ್ಲಿ ಗ್ರೇಟ್ ಟಿಟ್ ಎಂಬ ಗುಬ್ಬಿ ಗಾತ್ರದ ಹಕ್ಕಿಗೆ ಮರದ ಪೆಟ್ಟಿಗೆ ಕಟ್ಟಿ, ಯಾವ ಪೆಟ್ಟಿಗೆಯಲ್ಲಿ ಮೊದಲ ಮೊಟ್ಟೆ ಯಾವ ದಿನ ಬಿತ್ತು ಅಂತ ಬರೆದಿಡುತ್ತಿದ್ದಾರೆ. ಶುರು ಮಾಡಿದವರು ಹೋದರು, ಅವರ ಶಿಷ್ಯರು ನಿವೃತ್ತರಾದರು, ಪುಸ್ತಕ ನಡೆಯುತ್ತಲೇ ಇದೆ. 1961ರಿಂದ 2007ರವರೆಗಿನ ಲೆಕ್ಕ ತೆಗೆದು ನೋಡಿದಾಗ ಆ ಹಕ್ಕಿ ಮೊದಲಿಗಿಂತ ಸುಮಾರು ಎರಡು ವಾರ ಬೇಗ ಮೊಟ್ಟೆ ಇಡುತ್ತಿತ್ತು. ಚಳಿ ಬೇಗ ಬಿಡುತ್ತದೆ, ಓಕ್ ಮರ ಬೇಗ ಚಿಗುರುತ್ತದೆ, ಚಿಗುರು ತಿನ್ನುವ ಹುಳ ಬೇಗ ಬರುತ್ತದೆ, ಮರಿಗೆ ಹುಳ ಬೇಕಾದ ಹಕ್ಕಿಯೂ ಅವಸರ ಮಾಡುತ್ತದೆ. ಮೂರು ವರ್ಷದ ಪಿಎಚ್.ಡಿ.ಗೆ ಇದು ಕಾಣುವುದೇ ಇಲ್ಲ. ಸ್ವಂತ ಜಾಗ, ಅದೇ ಮರ, ಅದೇ ಪೆಟ್ಟಿಗೆ, ಮೇಷ್ಟ್ರು ಬದಲಾದರೂ ಮುಂದುವರಿಯುವ ಪುಸ್ತಕ, ಇವೆಲ್ಲ ಇದ್ದದ್ದಕ್ಕೆ ಕಂಡಿತು.

ಇನ್ನು ಇಲಾಖೆಯ ಕಾಡಿನ ಮಾತು. ಅಲ್ಲಿಯೂ ಕೆಲಸ ಆಗುತ್ತದೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು ತಮಿಳುನಾಡಿನ ಮುದುಮಲೆಯಲ್ಲಿ 1988ರಲ್ಲಿ 50 ಹೆಕ್ಟೇರ್ ಗುರುತು ಮಾಡಿ, ಎದೆಮಟ್ಟದಲ್ಲಿ ಒಂದು ಸೆಂಟಿಮೀಟರ್ ದಪ್ಪ ಇರುವ ಗಿಡದಿಂದ ಹಿಡಿದು ಪ್ರತಿಯೊಂದಕ್ಕೂ ನಂಬರ್ ಹಾಕಿದರು. ಸುಮಾರು 26 ಸಾವಿರ ಗಿಡ ಮರ! ಬೆಂಕಿ ಬಿದ್ದರೆ ಯಾವುದು ಬದುಕುತ್ತದೆ, ಆನೆ ಯಾವುದನ್ನು ಮುರಿಯುತ್ತದೆ ಅನ್ನುವುದಕ್ಕೆ ಇವತ್ತಿಗೂ ಆ ಲೆಕ್ಕ ನೋಡುತ್ತಾರೆ. ಆದರೆ ಅದು ದೊಡ್ಡ ಸಂಸ್ಥೆ, ಒಪ್ಪಿಗೆ ಪಡೆದು ಮಾಡಿದ ಕೆಲಸ. ನಿನ್ನ ಕ್ಲಾಸಿನ 40 ಮಕ್ಕಳು ಮಂಗಳವಾರ ಮಧ್ಯಾಹ್ನದ ಪ್ರಾಕ್ಟಿಕಲ್ಸ್‌ಗೆ ಅಂತ ಅಭಯಾರಣ್ಯದೊಳಗೆ ನಡೆದು ಹೋಗಲು ಬರುವುದಿಲ್ಲ. ಹೋಗಕೂಡದು ಕೂಡ.

ನಮ್ಮಲ್ಲಿ? ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣವನ್ನು 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. 167 ಹೆಕ್ಟೇರ್. ಅದರ ಮರು ವರ್ಷ ಅದೇ ಪಟ್ಟಿಗೆ ನಿನ್ನ ತಾಲ್ಲೂಕಿನ ಅಂಬಾರಗುಡ್ಡವೂ ಸೇರಿತು. ಅದು ವಿಶ್ವವಿದ್ಯಾಲಯದ್ದಲ್ಲ, ಆದರೆ ಗಣಿಗಾರಿಕೆ ಬೇಡ ಅಂತ ಊರವರು ಹೋರಾಡಿದ ಗುಡ್ಡ. ನಿಮ್ಮ ಮೇಷ್ಟ್ರಿಗೆ ಹೇಳಿ ಒಮ್ಮೆ ಹೋಗಿ ಬಾ. ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಶುರುವಾಗಿ ಶಂಕರಘಟ್ಟದಲ್ಲಿ ನೆಲೆ ನಿಂತಿತು. ಭದ್ರಾ ಅಭಯಾರಣ್ಯದ ಅಂಚು ಅದು. ಹಾಸ್ಟೆಲಿನಲ್ಲಿ ಮಲಗಿದ್ದವರಿಗೂ ಕಾಡಿನ ಸದ್ದು ಕೇಳುವ ಜಾಗ. ನಿಮ್ಮ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೂ ಬಂದಿದೆ. ಜಾಗಕ್ಕೆ ಬರ ಇಲ್ಲ ಬಿಡು. ಒಂದು ಮೂಲೆಯನ್ನು 50 ವರ್ಷ ಸುಮ್ನೆ ಬಿಟ್ಟು ಬರೆದುಕೊಳ್ಳುವ ತಾಳ್ಮೆಗೇ ಬರ.

ಪ್ರಶ್ನೆ: ಸಂಶೋಧನೆ ಅಂತ ಬಂದವರೆಲ್ಲ ಮೊದಲು ಬೇಲಿ ಹಾಕುತ್ತಾರೆ. ದನ ಬಿಡಬೇಡಿ, ದರಕು (ಉದುರಿದ ಒಣ ಎಲೆ) ಗುಡಿಸಬೇಡಿ ಅನ್ನುತ್ತಾರೆ. ಅಜ್ಜನ ಕಾಲದಿಂದ ಕಾನು ಕಾದವರು ನಾವು. ಇದರಿಂದ ನಮಗೇನು ಲಾಭ?
— ಕೃಷಿಕರು, ಸೊರಬ ತಾಲ್ಲೂಕು

ನಿಮ್ಮ ಕಾಗದದಲ್ಲಿದ್ದ ಸಿಟ್ಟನ್ನೆಲ್ಲ ಇಲ್ಲಿ ಹಾಕಿಲ್ಲ, ಕ್ಷಮಿಸಿ. ಆದರೆ ಸಿಟ್ಟಿಗೆ ಕಾರಣ ಇದೆ. ಸೊರಬದ ಕಾನುಗಳು ಉಳಿದದ್ದು ಯಾವ ಸಂಶೋಧಕರಿಂದಲೂ ಅಲ್ಲ. ಕಾನಿನಲ್ಲಿ ಕಾಳುಮೆಣಸಿನ ಬಳ್ಳಿ ಇತ್ತು, ಬೈನೆ ಮರ ಇತ್ತು, ಕೆಳಗಿನ ಗದ್ದೆಗೆ ನೀರು ಅಲ್ಲಿಂದಲೇ ಬರಬೇಕಿತ್ತು, ಒಳಗೆ ಚೌಡಿಯೋ ಭೂತಪ್ಪನೋ ಕೂತಿದ್ದ. ಅದಕ್ಕೆ ಯಾರೂ ಕೊಡಲಿ ಹಾಕಲಿಲ್ಲ. ಬೇಲಿ ಹಾಕುವವರು ಮೊದಲು ನಿಮ್ಮ ಜಗಲಿಗೆ ಬಂದು, ಒಂದು ಲೋಟ ಕಷಾಯ ಕುಡಿದು, ವಿಷಯ ಹೇಳಬೇಕಿತ್ತು.

ಆದರೆ ಲಾಭ ಏನು ಅಂತ ಕೇಳಿದ್ದೀರಿ. ಈ ಪ್ರಶ್ನೆಯನ್ನು ಬೇರೆ ಯಾವ ತಾಲ್ಲೂಕಿನವರು ಕೇಳಿದ್ದರೂ ನಾನು ಸ್ವಲ್ಪ ತಡವರಿಸುತ್ತಿದ್ದೆ. ನಿಮ್ಮದು ಕ್ಯಾಸನೂರು ಇರುವ ತಾಲ್ಲೂಕು. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳಲು ಶುರುವಾಯಿತು, ಹಿಂದೆಯೇ ಜನಕ್ಕೆ ಜ್ವರ. ಹಳದಿ ಜ್ವರ ಇರಬಹುದು ಅಂತ ಮೊದಲು ಗಾಬರಿಯಾದರು. ಪುಣೆಯಿಂದ ಬಂದ ವೈರಸ್ ಸಂಶೋಧಕರು ಮಂಗ, ಇಲಿ, ಹಕ್ಕಿ, ಉಣುಗು ಎಲ್ಲವನ್ನೂ ಪರೀಕ್ಷೆ ಮಾಡಿ ಇದು ಹೊಸ ವೈರಸ್, ಹರಡುವುದು ಉಣುಗಿನಿಂದ ಅಂತ ಕಂಡುಹಿಡಿದರು. ಊರಿನ ಹೆಸರೇ ರೋಗಕ್ಕೂ ಬಂತು. ನಾವು ಮಂಗನ ಕಾಯಿಲೆ ಅನ್ನುತ್ತೇವೆ, ಪಾಪ ಮಂಗ ಕೂಡ ಅದರಿಂದ ಸಾಯುವುದೇ.

ಈಗ ಬೇಲಿಯ ವಿಷಯಕ್ಕೆ ಬರುತ್ತೇನೆ. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ನಿಜ. ಆದರೆ ದೊಡ್ಡ ಉಣುಗು ರಕ್ತ ಕುಡಿದು ಮೊಟ್ಟೆ ಇಡುವಷ್ಟು ಬಲಿಯುವುದು ಹೆಚ್ಚಾಗಿ ದನದ ಮೈಮೇಲೆಯೇ. ಕಾಡಿಗೆ ದನ ಜಾಸ್ತಿ ಹೋದ ಹಾಗೆ ಉಣುಗೂ ಜಾಸ್ತಿ. ಸಾಸಿವೆ ಕಾಳಿಗಿಂತ ಸಣ್ಣದಾದ ಮರಿ ಉಣುಗು ಮನುಷ್ಯನಿಗೆ ಹತ್ತುವುದು ಡಿಸೆಂಬರಿನಿಂದ ಮೇವರೆಗೆ. ನಾವು ದರಕು ಗುಡಿಸಿ ತಲೆ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹಾಕುವ ಕಾಲವೂ ಅದೇ. ನಮ್ಮ ಚಿಕ್ಕಮ್ಮ ದರಕಿನ ಕಲ್ಲಿ ಇಳಿಸಿದ ಮೇಲೆ ಕುತ್ತಿಗೆ ತುರಿಸಿಕೊಳ್ಳುತ್ತಾ ಒಲೆ ಮುಂದೆ ಕೂತು, ಒಂದೊಂದೇ ಉಣುಗು ಕಿತ್ತು ಕೆಂಡಕ್ಕೆ ಹಾಕುತ್ತಿದ್ದರು. ಚಟ್ ಅಂತ ಸದ್ದು ಬರುತ್ತಿತ್ತು. ನಮಗೆ ಮಕ್ಕಳಿಗೆ ಅದೊಂದು ಆಟ. ಈಗ ನೆನೆದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಆ ಆರು ತಿಂಗಳು ಕಾನಿಗೆ ಹೋಗಲೇಬೇಕಾದರೆ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿಕೊಂಡು, ಮೈ ತುಂಬ ಬಟ್ಟೆ ಹಾಕಿಕೊಂಡು ಹೋಗಿ. ಬಂದ ತಕ್ಷಣ ಬಿಸಿನೀರಿನ ಸ್ನಾನ. ಮಂಗ ಸತ್ತದ್ದು ಕಂಡರೆ ಮುಟ್ಟಬೇಡಿ, ಆಸ್ಪತ್ರೆಗೆ ತಿಳಿಸಿ.

ಅಜ್ಜನ ಕಾಲದ ಮಾತಿಗೆ ಇನ್ನೊಂದು. ಜಾಸ್ಪರ್ ರಿಡ್ಜ್ ಕೂಡ ಮೊದಲು ವಿಶ್ವವಿದ್ಯಾಲಯದ್ದಾಗಿರಲಿಲ್ಲ, ಮುವೆಕ್ಮಾ ಓಲೋನಿ ಎಂಬ ಮೂಲನಿವಾಸಿಗಳ ನೆಲ. ಈಚೆಗೆ ಆ ಜನರ ಭಾಷೆಯಲ್ಲೇ ಇರುವ ಒಂದು ಹೆಸರನ್ನು ಕಾಡಿನ ಹೆಸರಿನ ಜೊತೆ ಸೇರಿಸಿದ್ದಾರೆ. ಹೆಸರು ಸೇರಿಸಿದರೆ ಹೊಟ್ಟೆ ತುಂಬುತ್ತದೆಯೇ ಅಂತ ನೀವು ಕೇಳುತ್ತೀರಿ. ಕೇಳಿ, ನ್ಯಾಯವೇ. ನಾನಾಗಿದ್ದರೆ ಹೆಸರಿಗಿಂತ ಪುಸ್ತಕ ಕೇಳುತ್ತಿದ್ದೆ. ಬೇಲಿಯೊಳಗೆ ಏನು ಅಳೆದಿರಿ, ಏನು ಸಿಕ್ಕಿತು ಅಂತ ವರ್ಷಕ್ಕೊಮ್ಮೆ ಪಂಚಾಯ್ತಿ ಕಟ್ಟೆಗೆ ಬಂದು ಕನ್ನಡದಲ್ಲಿ ಓದಿ ಹೇಳಲಿ. ಹೇಳದವರಿಗೆ ಬೇಲಿ ಯಾಕೆ?

ಪ್ರಶ್ನೆ: ಕಾದಿಟ್ಟ ಕಾಡಿನಲ್ಲಿ ಮರ ಬಿದ್ದರೂ ತೆಗೆಯುವುದಿಲ್ಲವಂತೆ. ಒಳ್ಳೆ ನಾಟಾ ಸುಮ್ನೆ ಗೆದ್ದಲು ಪಾಲಾಗುವುದು ದಂಡ ಅಲ್ವಾ?
— ಗೃಹಿಣಿ, ಭದ್ರಾವತಿ

ಗೆದ್ದಲು ತಿಂದರೆ ದಂಡ ಅಂತ ಯಾರು ಹೇಳಿದ್ದು? ಬಿದ್ದ ಮರದಲ್ಲಿ ಅಣಬೆ, ದುಂಬಿ ಹುಳ, ಚೇಳು, ಹಲ್ಲಿ ಎಲ್ಲಾ ಸಂಸಾರ ಮಾಡುತ್ತವೆ. ಕೊನೆಗೆ ಅದೇ ಮಣ್ಣು. ನಿಂತೇ ಟೊಳ್ಳಾದ ಮರವಂತೂ ಇನ್ನೂ ಬೇಕು. ನಮ್ಮ ಮಂಗಟ್ಟೆ ಹಕ್ಕಿ ಗೊತ್ತಲ್ಲ? ಹೆಣ್ಣು ಮರದ ಪೊಟರೆಯೊಳಗೆ ಹೋಗಿ ಬಾಗಿಲಿಗೆ ತಾನೇ ಗಿಲಾವು ಮಾಡಿಕೊಳ್ಳುತ್ತದೆ. ಕೊಕ್ಕು ಹೊರಗೆ ಬರುವಷ್ಟು ಸಂದು ಮಾತ್ರ ಬಿಡುತ್ತದೆ. ಗಂಡು ಹಣ್ಣು ತಂದು ಆ ಸಂದಿಯಲ್ಲಿ ಕೊಡಬೇಕು. ಹಳೇ ಮರವನ್ನೆಲ್ಲ "ಕೆಟ್ಟಿದೆ" ಅಂತ ಕಡಿದರೆ ಆ ಬಾಣಂತಿ ಎಲ್ಲಿಗೆ ಹೋಗಬೇಕು, ಹೇಳಿ.

ಪ್ರಶ್ನೆ: ನೀವು ಹುಲಿ ನೋಡಿದ್ದೀರಾ?
— 6ನೇ ತರಗತಿ, ತೀರ್ಥಹಳ್ಳಿ

ಇಲ್ಲ ಪುಟ್ಟ. ಒಮ್ಮೆ ಹೆಜ್ಜೆ ನೋಡಿದ್ದೇನೆ, ಹಸಿ ಮಣ್ಣಿನಲ್ಲಿ. ಒಳಗೆ ನೀರು ಇನ್ನೂ ಜಿನುಗುತ್ತಿತ್ತು. ಅಲ್ಲಿಂದ ಸೀದಾ ಮನೆಗೆ ಬಂದೆ.

ಪ್ರಶ್ನೆ: ಈಗಿನ ಕಾಲದಲ್ಲೂ ನಮ್ಮ ಕಾಡಿನಲ್ಲಿ ಹೊಸದು ಅಂತ ಕಂಡುಹಿಡಿಯಲು ಏನಾದರೂ ಉಳಿದಿದೆಯೇ?
— ಎಂಜಿನಿಯರ್, ಶಿವಮೊಗ್ಗ

ಜೋಗದಿಂದ ಹೊನ್ನಾವರದ ಕಡೆ ಇಳಿಯುವಾಗ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಅಂತಿದೆ. ಹೆಸರೇ ಹೇಳುತ್ತದೆ. ಒಳಗೆ ರಾಮಪತ್ರೆ ಜಾತಿಯ ಮರಗಳ ಜವುಗು. ಕೆಸರಿನಿಂದ ಬೇರುಗಳು ಮಡಚಿದ ಮೊಣಕಾಲಿನ ಹಾಗೆ ಮೇಲೆದ್ದು ಉಸಿರಾಡುತ್ತವೆ. ಅಲ್ಲಿನ ಹಳ್ಳದಲ್ಲಿ ರಾತ್ರಿ ಕೂಗುವ ಒಂದು ಕಪ್ಪೆಯನ್ನು ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಜಾತಿ ಅಂತ ಜಗತ್ತಿಗೆ ತಿಳಿಸಿದರು. ಹೆಣ್ಣು ಮೊಟ್ಟೆ ಇಟ್ಟು ಹೋದ ಮೇಲೆ ಗಂಡು ಹಳ್ಳದ ಮಣ್ಣನ್ನು ಮುಂಗೈಯಲ್ಲಿ ಎತ್ತಿ ತಂದು ಮೊಟ್ಟೆಗೆ ಮೆತ್ತುತ್ತದೆ. ಒಮ್ಮೆ ಅಲ್ಲ, ಮೇಲಿಂದ ಮೇಲೆ. ಅದಕ್ಕೇ ಕುಂಬಾರ ಕಪ್ಪೆ ಅಂತ ಹೆಸರಿಟ್ಟರು, ವೈಜ್ಞಾನಿಕ ಹೆಸರಿನಲ್ಲೂ 'ಕುಂಬಾರ' ಇದೆ. ಅದರ ಕೂಗನ್ನು ನಮ್ಮ ಅಜ್ಜಂದಿರೂ ಕೇಳಿರುತ್ತಾರೆ. ದೀಪ ಹಿಡಿದು ಹಳ್ಳದ ಪಕ್ಕ ರಾತ್ರಿಯಿಡೀ ಕೂತವರು ಇರಲಿಲ್ಲ, ಅಷ್ಟೇ. ಉಂಬಳಕ್ಕೆ ಹೆದರದಿದ್ದರೆ ನೀವೂ ಕೂರಬಹುದು. ಆದರೆ ಕಪ್ಪೆಯನ್ನು ಬಾಟಲಿಗೆ ಹಾಕಿ ಮನೆಗೆ ತರುವುದು ಬೇಡ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಹಿಂದೆ ಎರಡು ಎಕರೆ ಕುರುಚಲು ಕಾಡಿದೆ. ಮಕ್ಕಳಿಗಾಗಿ ನೀವು ಹೇಳಿದಂಥ ಕಾಡನ್ನಾಗಿ ಮಾಡಬೇಕು ಅಂತಿದೆ. ವನಮಹೋತ್ಸವಕ್ಕೆ ಯಾವ ಸಸಿ ನೆಡಲಿ?
— ವಿಜ್ಞಾನ ಶಿಕ್ಷಕಿ, ಹೊಸನಗರ ತಾಲ್ಲೂಕು

ಮೇಡಂ, ಈ ವರ್ಷ ಏನೂ ನೆಡಬೇಡಿ. ಸಸಿ ಕೊಡಲು ಬಂದವರಿಗೆ ಕಾಫಿ ಕೊಟ್ಟು ಕಳಿಸಿ. ಅಕೇಶಿಯಾ ತಂದಿದ್ದರೆ ಕಾಫಿಯನ್ನೂ ಕೊಡಬೇಡಿ. ಮೊದಲು ಅಲ್ಲಿ ಈಗಾಗಲೇ ಏನಿದೆ ಅಂತ ಬರೆದುಕೊಳ್ಳಬೇಕು.

ನನ್ನ ಕಥೆ ಹೇಳುತ್ತೇನೆ, ಕಾಲೇಜಿನ ಹೆಸರು ಬೇಡ. 1989ರ ಜನವರಿಯಲ್ಲಿ ಕಾಲೇಜಿನ ಹಿಂದಿನ ಗುಡ್ಡದಲ್ಲಿ ನಾನೂ ಎರಡನೇ ಬಿ.ಎಸ್ಸಿ. ಹುಡುಗರೂ ಸೇರಿ 42 ಮರಕ್ಕೆ ನಂಬರ್ ಹಾಕಿದೆವು. ಹೊನ್ನೆ, ಮತ್ತಿ, ನಂದಿ, ಕವಲು, ಎರಡು ಬೀಟೆ. ಹಾಜರಿ ಪುಸ್ತಕದ ಹಾಗೇ ಗೆರೆ ಎಳೆದ ಒಂದು ಪುಸ್ತಕ. ಅಳೆಯಲು ಪೇಟೆಯ ದರ್ಜಿಯ ಹತ್ತಿರ ತಂದ ಬಟ್ಟೆಯ ಟೇಪು. ಮರು ವರ್ಷ ಅಳೆದರೆ 17ನೇ ನಂಬರಿನ ಹೊನ್ನೆ ಒಂದು ಸೆಂಟಿಮೀಟರ್ ಸಣ್ಣಗಾಗಿದೆ! 18 ಕೂಡ, 19 ಕೂಡ. ಹುಡುಗರು ಬಿದ್ದು ಬಿದ್ದು ನಕ್ಕರು. ನಾನು ರಾತ್ರಿಯೆಲ್ಲ ಯೋಚಿಸಿ, ಬೆಳಗ್ಗೆ ಟೇಪನ್ನು ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿದೆ. ಮಳೆಗಾಲದಲ್ಲಿ ನೆನೆದು, ಒಣಗಿ, ಎಳೆದೂ ಎಳೆದೂ ಟೇಪೇ ಉದ್ದವಾಗಿತ್ತು. ಟೇಪು ಹಿಗ್ಗಿದರೆ ಮರ ಕುಗ್ಗಿದ ಹಾಗೆ ಕಾಣುತ್ತದೆ. ಆ ಹುಡುಗರಿಗೆ ಅಳತೆ ಅಂದರೇನು ಅಂತ ನಾನು ಅದಕ್ಕಿಂತ ಚೆನ್ನಾಗಿ ಯಾವತ್ತೂ ಪಾಠ ಮಾಡಿಲ್ಲ.

ಒಂಬತ್ತು ವರ್ಷ ಅಳೆದೆವು. ನನಗೆ ವರ್ಗವಾಯಿತು. ಮೂರು ವರ್ಷ ಬಿಟ್ಟು ಹೋದರೆ ಗುಡ್ಡದ ಅರ್ಧ ಮಟ್ಟಸವಾಗಿತ್ತು. ವಾಲಿಬಾಲ್ ಕೋರ್ಟ್. ಇನ್ನರ್ಧಕ್ಕೆ ಸಾಲು ಹಿಡಿದು ಅಕೇಶಿಯಾ. ಪುಸ್ತಕ ಕೇಳಿದೆ. ಹಳೇ ಉತ್ತರ ಪತ್ರಿಕೆಗಳ ಜೊತೆ ರದ್ದಿಗೆ ಹೋಗಿದೆ ಅಂದರು. ಯಾರೂ ಬೇಕಂತ ಮಾಡಿದ್ದಲ್ಲ. ಅದು ಏನು ಅಂತ ನಾನು ಯಾರಿಗೂ ಹೇಳಿರಲಿಲ್ಲ, ನನ್ನ ಕಪಾಟಿನಲ್ಲಿ ನನ್ನ ಆಸ್ತಿಯ ಹಾಗೆ ಇಟ್ಟುಕೊಂಡಿದ್ದೆ. ಹಾಗಾಗಿ ನೀವು ಮೊದಲು ಮಾಡಬೇಕಾದದ್ದು ಪುಸ್ತಕಕ್ಕೆ ಮೂರು ಪ್ರತಿ: ಒಂದು ಶಾಲೆಗೆ, ಒಂದು ಪಂಚಾಯ್ತಿ ಲೈಬ್ರರಿಗೆ, ಒಂದು ಊರಿನಲ್ಲೇ ಇರುವ ಹಳೇ ವಿದ್ಯಾರ್ಥಿಯ ಮನೆಗೆ. ಈಗ ಫೋನಿನಲ್ಲಿ ಫೋಟೊ ತೆಗೆದಿಡುವುದೂ ಸುಲಭ.

ಟೇಪು ಸ್ಟೀಲಿನದ್ದೇ ಇರಲಿ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆಯಿರಿ, ಅಲ್ಲಿ ಬಣ್ಣದ ಗೆರೆ ಎಳೆಯಿರಿ, ಮುಂದಿನ ವರ್ಷವೂ ಅದೇ ಗೆರೆ ಮೇಲೆ ಟೇಪು ಕೂರಬೇಕು. ಇಳಿಜಾರಿನಲ್ಲಿ ಮೇಲಿನ ಬದಿಗೆ ನಿಂತು ಅಳೆಯಿರಿ. ಬುಡ ರೆಕ್ಕೆ ಬಿಟ್ಟ ಮರವಾದರೆ ರೆಕ್ಕೆ ಮುಗಿದ ಮೇಲೆ. ನಂಬರಿನ ತಗಡನ್ನು ಗೆರೆಗಿಂತ ಒಂದು ಗೇಣು ಮೇಲೆ ಹೊಡೆಯಿರಿ, ಮೊಳೆಯನ್ನು ಪೂರ್ತಿ ಒಳಗೆ ಹೊಡೆಯದೆ ಅರ್ಧ ಹೊರಗೆ ಬಿಡಿ. ಇಲ್ಲದಿದ್ದರೆ ಮರ ದಪ್ಪಗಾಗುತ್ತಾ ತಗಡನ್ನು ನುಂಗುತ್ತದೆ. ಪ್ರತಿ ವರ್ಷ ಅದೇ ತಿಂಗಳಲ್ಲಿ ಅಳೆಯಿರಿ, ಯಾಕೆಂದರೆ ಬಿರುಬೇಸಿಗೆಯಲ್ಲಿ ಮರ ನಿಜವಾಗಿಯೂ ಕೂದಲೆಳೆಯಷ್ಟು ಕುಗ್ಗುತ್ತದೆ. ಆಗ ಟೇಪನ್ನು ಬೈಯಬೇಡಿ.

ಎರಡು ಎಕರೆಯಲ್ಲಿ ಒಂದು ಎಕರೆಗೆ ಕಾಲಿಡಲೇಬೇಡಿ, ಅಳೆಯುವ ದಿನ ಬಿಟ್ಟು. ಇನ್ನೊಂದರಲ್ಲಿ ಮಕ್ಕಳು ಓಡಾಡಲಿ, ಹಣ್ಣು ತಿನ್ನಲಿ. ಐದು ವರ್ಷದ ಮೇಲೆ ಎರಡರಲ್ಲೂ ನೆಲದ ಮೇಲೆ ಎಷ್ಟು ಮೊಳಕೆ ಇದೆ ಅಂತ ಎಣಿಸಿಸಿ. ಅಳತೆಗೆ ಕೈ ಸಾಲದ ಸಣ್ಣ ಮಕ್ಕಳಿಗೆ ಬೇರೆ ಕೆಲಸ ಇದೆ: ಯಾವ ಮರ ಯಾವ ತಾರೀಕಿಗೆ ಮೊದಲ ಹೂ ಬಿಟ್ಟಿತು ಅಂತ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯುವುದು. ಮುತ್ತುಗ, ಕಕ್ಕೆ, ಮಾವು, ಇಷ್ಟು ಸಾಕು. ನನಗೂ ಒಂದು ಪ್ರತಿ ಕಳಿಸಿ. ನಮ್ಮ ಕೊಟ್ಟಿಗೆ ಹಿಂದಿನ ಮುತ್ತುಗ ಈ ವರ್ಷ ಫೆಬ್ರವರಿ 9ಕ್ಕೆ ಶುರು ಮಾಡಿತು. ನಿಮ್ಮದು ಎಂದು?